ಎರಡು ಜನ, ಬಿ ಮೇನ್

ಅಕ್ಕನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಮೊದಲ ವರ್ಷ ದಿನಾ ಫೋನ್ ಮಾಡುತ್ತಿದ್ದ. ಎರಡನೇ ವರ್ಷ ವಾರಕ್ಕೊಮ್ಮೆ ಆಯಿತು. ಮೂರನೇ ವರ್ಷ ನಾನೇ ಮಾಡಿದರೂ ‘ಚಿಕ್ಕಿ, ಮ್ಯಾಚ್‌ನಲ್ಲಿದೀನಿ, ಆಮೇಲೆ ಮಾಡ್ತೀನಿ’ ಅನ್ನುತ್ತಿದ್ದ. ಹಿಂದೆ ಮೂರು ನಾಲ್ಕು ಹುಡುಗರ ಕೂಗಾಟ ಕೇಳಿಸುತ್ತಿತ್ತು. ಆಮೇಲೆ ಫೋನ್ ಬರುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ಕೇಳಿಯೇ ಬಿಟ್ಟೆ. ‘ಆ ಆಟ ನನಗೂ ಕಲಿಸ್ತೀಯೇನೋ?’

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ನಿಜವಾಗ್ಲೂನಾ? ನಿನ್ನ ಲ್ಯಾಪ್‌ಟಾಪ್ ಯಾವುದು?’ ಅಂದ.

ನಾನು ಶಿವಮೊಗ್ಗದವಳು. ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುತ್ತೇನೆ. ವಯಸ್ಸು 41. ಕಂಪ್ಯೂಟರ್ ಅಂದರೆ ಟ್ಯಾಲಿ, ಎಕ್ಸೆಲ್, ಅಷ್ಟೇ. ಕೈಯಲ್ಲಿ ಬಂದೂಕು ಹಿಡಿದು ಓಡುವ ಆಟವನ್ನು ಯಾವತ್ತೂ ಆಡಿರಲಿಲ್ಲ. ಅವನು ಆಡುತ್ತಿದ್ದದ್ದು ವ್ಯಾಲರೆಂಟ್. ರಯಟ್ ಗೇಮ್ಸ್‌ನವರು 2020ರ ಜೂನ್‌ನಲ್ಲಿ ಬಿಟ್ಟ ಆಟ ಇದು. ಐದು ಜನರ ಎದುರು ಐದು ಜನ. ದುಡ್ಡು ಕೊಡಬೇಕಿಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುವ ಹಾಗೆ ಮಾಡಿದ್ದಾರೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಾಸ್ಟೆಲ್ ಹುಡುಗರೂ ಇದನ್ನೇ ಆಡುವುದಕ್ಕೆ ಅದೊಂದು ಕಾರಣ.

ಡೌನ್‌ಲೋಡ್ ರಾತ್ರಿಯಿಡೀ ನಡೆಯಿತು. ಬೆಳಿಗ್ಗೆ ತೆರೆದರೆ ಆಟ ಶುರುವೇ ಆಗಲಿಲ್ಲ, ‘ವ್ಯಾನ್ 9003’ ಅಂತ ಒಂದು ಸಂದೇಶ ಬಂತು. ಮೋಸ ಮಾಡುವವರನ್ನು ಹಿಡಿಯಲು ಈ ಆಟದ ಜೊತೆ ವ್ಯಾನ್‌ಗಾರ್ಡ್ ಅನ್ನುವ ಇನ್ನೊಂದು ಪ್ರೋಗ್ರಾಂ ಕೂರುತ್ತದೆ. ಕಂಪ್ಯೂಟರ್ ಆನ್ ಆಗುವಾಗಲೇ ಅದೂ ಎದ್ದೇಳುತ್ತದೆ. ವಿಂಡೋಸ್ 11 ಇದ್ದರೆ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆಗಳೂ ಆನ್ ಇರಬೇಕು. ನನ್ನದರಲ್ಲಿ ಸೆಕ್ಯೂರ್ ಬೂಟ್ ಆಫ್ ಇತ್ತು. ಅವನು ವಿಡಿಯೋ ಕಾಲ್‌ನಲ್ಲಿ ಕೂತ. ಲ್ಯಾಪ್‌ಟಾಪ್ ಆನ್ ಆಗುವಾಗ ಕೀ ಒತ್ತಿ ವಿಂಡೋಸ್‌ಗಿಂತ ಮುಂಚೆ ತೆರೆಯುವ ಬಯೋಸ್ ಅನ್ನುವ ಸೆಟಿಂಗ್ಸ್ ಒಳಗೆ ಹೋಗಿ, ಅದೊಂದನ್ನು ಮಾತ್ರ ಬದಲಾಯಿಸಿ ಸೇವ್ ಮಾಡಿ ಬಂದೆ. ನಿಮಗೂ ಹೀಗಾದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ.

ಟಚ್‌ಪ್ಯಾಡ್‌ನಲ್ಲಿ ಈ ಆಟ ಆಗುವುದಿಲ್ಲ. ಮೌಸ್ ಬೇಕೇ ಬೇಕು, ಅಗಲವಾದ ಪ್ಯಾಡ್ ಬೇಕು. ಇದು ನನಗೆ ಹೊಸ ವಿಷಯ. ಆಫೀಸಿನಲ್ಲಿ ಮಣಿಕಟ್ಟು ಅಲುಗಾಡಿಸಿದರೆ ಸಾಕು, ಬಾಣ ತೆರೆಯ ಆ ತುದಿಗೆ ಹೋಗುತ್ತದೆ. ಇಲ್ಲಿ ಇಡೀ ತೋಳು ಚಲಿಸಬೇಕು. ಅವನು ಮೌಸ್‌ನ ಡಿಪಿಐ 800, ಆಟದೊಳಗಿನ ಸೆನ್ಸಿಟಿವಿಟಿ 0.4 ಇಡು ಅಂದ. ಮೌಸ್ ಸರಿದಷ್ಟಕ್ಕೆ ನೋಟ ಎಷ್ಟು ತಿರುಗಬೇಕು ಅನ್ನುವುದನ್ನು ಇವೆರಡೂ ಸೇರಿ ನಿರ್ಧರಿಸುತ್ತವೆ. ಹಾಗಿಟ್ಟರೆ ಒಂದು ಸುತ್ತು ಪೂರ್ತಿ ತಿರುಗಲು ಮೌಸ್ ಸುಮಾರು 40 ಸೆಂಟಿಮೀಟರ್ ಸರಿಯಬೇಕು. ಮೊದಲ ದಿನ ಭುಜ ನೋಯಿತು. ನಿಧಾನ ಅನ್ನಿಸಿ ಗುಟ್ಟಾಗಿ 1ಕ್ಕೆ ಏರಿಸಿಕೊಂಡೆ. ಎರಡು ದಿನ ಒಂದು ಗುಂಡೂ ತಾಗಲಿಲ್ಲ. ಮತ್ತೆ 0.4ಕ್ಕೆ ಬಂದೆ. ಅಲ್ಲಿಂದ ಇವತ್ತಿನವರೆಗೂ ಮುಟ್ಟಿಲ್ಲ. ದಿನಕ್ಕೊಂದು ಸೆನ್ಸಿಟಿವಿಟಿ ಇಟ್ಟರೆ ಕೈಗೆ ಯಾವುದೂ ರೂಢಿಯಾಗುವುದಿಲ್ಲ.

ಮನುಷ್ಯರ ಎದುರು ಹೋಗುವ ಮುಂಚೆ ಒಂದು ವಾರ ಬರೀ ರೇಂಜ್‌ನಲ್ಲಿ ಕಳೆದೆ. ರೇಂಜ್ ಅಂದರೆ ಅಭ್ಯಾಸದ ಜಾಗ. ಒಂದಾದ ಮೇಲೊಂದು ಕಂಪ್ಯೂಟರ್ ನಡೆಸುವ 30 ಬಾಟ್‌ಗಳು ಎದ್ದು ನಿಲ್ಲುತ್ತವೆ. ಈಸಿ, ಮೀಡಿಯಂ, ಹಾರ್ಡ್ ಅಂತ ಮೂರು ವೇಗ. ಈಸಿಯಲ್ಲಿ 30ಕ್ಕೆ 9 ಬಿದ್ದಾಗ ಅವನಿಗೆ ಫೋಟೋ ಕಳಿಸಿದೆ. ವಾರದ ಕೊನೆಗೆ 22 ಆಯಿತು.

ಅಲ್ಲಿ ಕಲಿತದ್ದು ಎರಡೇ. ಓಡುತ್ತಾ ಗುಂಡು ಹೊಡೆದರೆ ಅದು ಎಲ್ಲೆಲ್ಲಿಗೋ ಹೋಗುತ್ತದೆ. ನಿಲ್ಲಬೇಕು, ಆಮೇಲೆ ಹೊಡೆಯಬೇಕು. ಇದು ಕೇಳಲು ಸುಲಭ, ಆದರೆ ಎದುರಿಗೆ ಯಾರೋ ಕಂಡ ಕೂಡಲೇ ಬೆರಳು ತಾನಾಗಿಯೇ ಓಡುವ ಕೀ ಒತ್ತುತ್ತದೆ. ಇನ್ನೊಂದು, ತೆರೆಯ ನಡುವೆ ಇರುವ ಗುರಿ ಗುರುತನ್ನು, ಅದೇ ಕ್ರಾಸ್‌ಹೇರ್ ಅನ್ನು, ಯಾವಾಗಲೂ ತಲೆಯ ಮಟ್ಟದಲ್ಲಿ ಇಟ್ಟುಕೊಂಡೇ ನಡೆಯಬೇಕು. ‘ಚಿಕ್ಕಿ, ನೀನು ನೆಲ ನೋಡ್ಕೊಂಡು ಹೋಗ್ತಾ ಇದೀಯ. ಅಲ್ಲಿ ಯಾರೂ ಮಲಗಿಲ್ಲ’ ಅಂತ ಅವನು ದಿನಾ ಹೇಳುತ್ತಿದ್ದ. ಇದಕ್ಕೊಂದು ಲೆಕ್ಕ ಇದೆ. ವ್ಯಾಂಡಲ್ ಅನ್ನುವ ಬಂದೂಕಿನ ಗುಂಡು ತಲೆಗೆ ಬಿದ್ದರೆ 160 ಪೆಟ್ಟು, ಮೈಗೆ ಬಿದ್ದರೆ 40. ಆಟಗಾರನ ಜೀವ 100, ದಪ್ಪ ಕವಚ ತೊಟ್ಟರೆ 150. ಅಂದರೆ ತಲೆಗಾದರೆ ಒಂದೇ ಗುಂಡು, ಮೈಗಾದರೆ ನಾಲ್ಕು. ಈ ಲೆಕ್ಕ ತಲೆಗೆ ಹೋದ ಮೇಲೆ ನಾನು ನೆಲ ನೋಡುವುದನ್ನು ಬಿಟ್ಟೆ.

ಎರಡನೇ ವಾರ ಡೆತ್‌ಮ್ಯಾಚ್‌ಗೆ ಹೋದೆ. 14 ಜನ, ಯಾರಿಗೆ ಯಾರೂ ಇಲ್ಲ, ಮೊದಲು 40 ಜನರನ್ನು ಕೆಡವಿದವರು ಗೆದ್ದರು. ಸತ್ತರೆ ತಕ್ಷಣ ಇನ್ನೊಂದು ಮೂಲೆಯಲ್ಲಿ ಹುಟ್ಟುತ್ತೀರಿ. ನಾನು ಮೊದಲ ಮ್ಯಾಚ್‌ನಲ್ಲಿ ಕೆಡವಿದ್ದು ಇಬ್ಬರನ್ನು. ಆದರೂ ಹೊಸಬರಿಗೆ ಇದು ಒಳ್ಳೆಯ ಜಾಗ ಅಂತ ಈಗಲೂ ಹೇಳುತ್ತೇನೆ. ನೀವು ಸೋತರೆ ನಷ್ಟ ಆಗುವ ಜೊತೆಗಾರರು ಅಲ್ಲಿ ಯಾರೂ ಇರುವುದಿಲ್ಲ, ಬೈಯುವವರೂ ಇರುವುದಿಲ್ಲ. ಎದೆ ಬಡಿದುಕೊಳ್ಳುವುದು ಕಡಿಮೆಯಾಗಲು ಅಂಥ ಹತ್ತು ಹದಿನೈದು ಮ್ಯಾಚ್ ಬೇಕಾಯಿತು.

ನಿಜವಾದ ಆಟ ಬೇರೆ. ಒಂದು ತಂಡ ಸ್ಪೈಕ್ ಅನ್ನುವ ಬಾಂಬನ್ನು ಎ ಅಥವಾ ಬಿ ಅನ್ನುವ ಜಾಗದಲ್ಲಿ ಇಡಬೇಕು. ಆಟ ನಡೆಯುವ ಜಾಗಕ್ಕೆ ಮ್ಯಾಪ್ ಅನ್ನುತ್ತಾರೆ. ಹೇವನ್ ಅನ್ನುವ ಮ್ಯಾಪ್‌ನಲ್ಲಿ ಸಿ ಕೂಡಾ ಇದೆ. ಇನ್ನೊಂದು ತಂಡ ತಡೆಯಬೇಕು. ಸ್ಪೈಕ್ ನೆಡಲು 4 ಸೆಕೆಂಡ್, ಅದು ಸಿಡಿಯಲು 45 ಸೆಕೆಂಡ್, ಬಿಚ್ಚಲು 7 ಸೆಕೆಂಡ್. ಅರ್ಧ ಬಿಚ್ಚಿ ಬಿಟ್ಟರೆ ಆ ಅರ್ಧ ಉಳಿದುಕೊಳ್ಳುತ್ತದೆ. 12 ರೌಂಡ್ ಆದ ಮೇಲೆ ಕಡೆ ಬದಲು, 13 ರೌಂಡ್ ಗೆದ್ದವರಿಗೆ ಮ್ಯಾಚ್. ಪೂರ್ತಿ ಆಡಿದರೆ ಮುಕ್ಕಾಲು ಗಂಟೆಯೂ ಹಿಡಿಯಬಹುದು. ನಾನು ಶುರು ಮಾಡಿದ್ದು ಸ್ವಿಫ್ಟ್‌ಪ್ಲೇನಲ್ಲಿ. ಅಲ್ಲಿ 5 ರೌಂಡ್ ಗೆದ್ದರೆ ಸಾಕು. ಅಡುಗೆಗೆ ಕುಕ್ಕರ್ ಇಟ್ಟು ಬಂದು ಮುಗಿಸಬಹುದಾದ ಆಟ. ರ‍್ಯಾಂಕ್ ಸಿಗುವ ಕಾಂಪಿಟಿಟಿವ್ ಮ್ಯಾಚ್‌ಗಳಿಗೆ 20ನೇ ಲೆವೆಲ್ ಆಗಬೇಕು. ಹೊಸಬರಿಗೆ ಆ ತಡೆ ಇರುವುದು ಒಳ್ಳೆಯದೇ.

ಪಾತ್ರ ಆರಿಸುವಾಗ ಸೇಜ್ ತಗೋ ಅಂದ. ಗಾಯ ಆದವರನ್ನು ವಾಸಿ ಮಾಡುತ್ತಾಳೆ, ದಾರಿಗೆ ಅಡ್ಡ ಗೋಡೆ ಎಬ್ಬಿಸುತ್ತಾಳೆ, ನೆಲದ ಮೇಲೆ ಮಂಜಿನ ಹಾಸು ಹರಡಿ ಬರುವವರ ಕಾಲು ಭಾರ ಮಾಡುತ್ತಾಳೆ. ಗುರಿ ಸರಿಯಿಲ್ಲದಿದ್ದರೂ ತಂಡಕ್ಕೆ ಏನಾದರೂ ಮಾಡಬಹುದು. ಆ ಮಾತು ನನಗೆ ಹಿಡಿಸಿತು.

ಎಲ್ಲರಿಗೂ ಕಷ್ಟ ಅನ್ನಿಸುವ ಒಂದು ಭಾಗ ನನಗೆ ಮೊದಲ ದಿನವೇ ಕೈಗೆ ಬಂತು. ಅದು ದುಡ್ಡಿನ ಲೆಕ್ಕ. ಮೊದಲ ರೌಂಡ್‌ನಲ್ಲಿ ಎಲ್ಲರ ಬಳಿ 800 ಕ್ರೆಡಿಟ್ ಇರುತ್ತದೆ. ರೌಂಡ್ ಗೆದ್ದರೆ 3000, ಸೋತರೆ 1900. ಸತತ ಎರಡನೇ ಸೋಲಿಗೆ 2400, ಮೂರನೆಯದಕ್ಕೆ 2900. ಒಬ್ಬರನ್ನು ಕೆಡವಿದರೆ 200. ವ್ಯಾಂಡಲ್‌ಗೆ 2900, ದಪ್ಪ ಕವಚಕ್ಕೆ 1000, ಎರಡೂ ಸೇರಿ 3900. ಈಗ ನೋಡಿ. ಮೊದಲ ರೌಂಡ್‌ನಲ್ಲಿ 500ರ ಘೋಸ್ಟ್ ಪಿಸ್ತೂಲು, 200ರ ಮಂಜಿನ ಹಾಸು ಕೊಂಡೆ ಅಂದುಕೊಳ್ಳಿ. 100 ಉಳಿಯಿತು. ಸೋತೆವು, 1900 ಬಂತು. ಕೈಯಲ್ಲಿ 2000. ಆಸೆಪಟ್ಟು ಎರಡನೇ ರೌಂಡ್‌ನಲ್ಲಿ ಅರ್ಧಂಬರ್ಧ ಬಂದೂಕು ಕೊಂಡರೆ, ಮೂರನೇ ರೌಂಡ್‌ನಲ್ಲೂ ಅರ್ಧಂಬರ್ಧವೇ ಗತಿ. ಎರಡನೇ ರೌಂಡ್‌ನಲ್ಲಿ ಏನೂ ಕೊಳ್ಳದೆ ಆಡಿದರೆ, ಸೋತರೂ 2400 ಬಂದು 4400 ಆಗುತ್ತದೆ. ವ್ಯಾಂಡಲ್, ಕವಚ ಎರಡೂ ಬಂದು 500 ಮಿಗುತ್ತದೆ. ಇದಕ್ಕೇ ಸೇವ್ ಮಾಡುವುದು ಅನ್ನುತ್ತಾರೆ.

ಒಬ್ಬರು ಉಳಿಸಿದರೆ ಪ್ರಯೋಜನ ಇಲ್ಲ, ಐದೂ ಜನ ಒಟ್ಟಿಗೆ ಉಳಿಸಬೇಕು, ಒಟ್ಟಿಗೆ ಖರ್ಚು ಮಾಡಬೇಕು. ಇದನ್ನು ನಾನು ಸ್ವಸಹಾಯ ಸಂಘಗಳ ಪುಸ್ತಕದಲ್ಲಿ ವರ್ಷಾನುಗಟ್ಟಲೆ ನೋಡಿದ್ದೇನೆ. ಮೂರನೇ ವಾರದ ಹೊತ್ತಿಗೆ ಅಕ್ಕನ ಮಗನ ಗೆಳೆಯರೇ ‘ಚಿಕ್ಕಿ, ಈ ರೌಂಡ್ ಗನ್ ಬೈ ಮಾಡೋದಾ?’ ಅಂತ ಕೇಳಲು ಶುರು ಮಾಡಿದರು. ಅವರಿಗೂ ನಾನು ಚಿಕ್ಕಿಯೇ ಆಗಿದ್ದೆ. ನನ್ನ ಹತ್ತಿರ ಹೆಚ್ಚಿದ್ದರೆ, ಇಲ್ಲದವರು ಕೇಳಿದ ಬಂದೂಕನ್ನು ಕೊಡಿಸುತ್ತಿದ್ದೆ. ಆಟದಲ್ಲಿ ಅದಕ್ಕೂ ಅವಕಾಶ ಇದೆ.

ಆದರೂ ಸಾಯುತ್ತಲೇ ಇದ್ದೆ. ಯಾಕೆ ಅಂತ ತಿಳಿಯಲು ಒಂದು ತಿಂಗಳು ಹಿಡಿಯಿತು. ನಾನು ಕಣ್ಣಿನಿಂದ ಆಡುತ್ತಿದ್ದೆ. ಈ ಆಟದ ಅರ್ಧ ಇರುವುದು ಕಿವಿಯಲ್ಲಿ.

ವ್ಯಾಲರೆಂಟ್‌ನಲ್ಲಿ ಓಡಿದರೆ ಹೆಜ್ಜೆ ಸದ್ದು ಎದುರಾಳಿಗೆ ಕೇಳಿಸುತ್ತದೆ. ಶಿಫ್ಟ್ ಒತ್ತಿಕೊಂಡು ನಡೆದರೆ ಕೇಳಿಸುವುದಿಲ್ಲ. ನೀವು ಓಡುವಾಗ ಮೂಲೆಯ ಚಿಕ್ಕ ಮ್ಯಾಪ್‌ನಲ್ಲಿ ನಿಮ್ಮ ಸುತ್ತ ಒಂದು ವೃತ್ತ ಮೂಡುತ್ತದೆ. ನಿಮ್ಮ ಸದ್ದು ಎಲ್ಲಿಯವರೆಗೆ ಹೋಗುತ್ತಿದೆ ಅಂತ ಅದು ತೋರಿಸುತ್ತದೆ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ಮರದ ಹಲಗೆ, ಕಲ್ಲು, ಲೋಹ, ಒಂದೊಂದರ ಮೇಲೂ ಹೆಜ್ಜೆ ಬೇರೆ ಬೇರೆ ಥರ ಕೇಳಿಸುತ್ತದೆ. ಬಂದೂಕಿಗೆ ಗುಂಡು ತುಂಬುವುದು ಕೇಳಿಸುತ್ತದೆ. ಬೈಂಡ್ ಮ್ಯಾಪ್‌ನಲ್ಲಿ ಎರಡು ಟೆಲಿಪೋರ್ಟರ್ ಇವೆ. ಯಾರಾದರೂ ದಾಟಿದರೆ ಆ ಸದ್ದೂ ಕೇಳಿಸುತ್ತದೆ.

ನಾನು ಬಳಸುತ್ತಿದ್ದದ್ದು ಬ್ಲೂಟೂತ್ ಇಯರ್‌ಬಡ್. ಅದರಲ್ಲಿ ಸದ್ದು ತಡವಾಗಿ ಬರುತ್ತಿತ್ತು. ಫೋನ್ ಮಾತಿಗೆ ಅದು ಗೊತ್ತೇ ಆಗುವುದಿಲ್ಲ, ಇಲ್ಲಿ ಅಷ್ಟರಲ್ಲಿ ಆಳು ಎದುರಿಗೆ ಬಂದಿರುತ್ತಾನೆ. ವೈರ್ ಇರುವ ಹೆಡ್‌ಫೋನ್ ತಂದೆ. ಆಟದ ಆಡಿಯೋ ಸೆಟಿಂಗ್ಸ್‌ನಲ್ಲಿ ಎಚ್‌ಆರ್‌ಟಿಎಫ್ ಅನ್ನುವುದನ್ನು ಆನ್ ಮಾಡಿದೆ. ಸದ್ದು ಎಡದಿಂದಲೋ ಬಲದಿಂದಲೋ ಮಾತ್ರ ಅಲ್ಲ, ಹಿಂದಿನಿಂದಲೋ ಮೇಲಿನಿಂದಲೋ ಅನ್ನುವುದೂ ತಿಳಿಯತೊಡಗಿತು. ಮೊದಲ ಸಲ ಹಾಗೆ ಕೇಳಿಸಿಕೊಂಡ ದಿನ ನಾನು ಬಂದೂಕು ಹಿಡಿದು ಒಂದು ಮೂಲೆಯಲ್ಲಿ ನಿಂತೇ ಇದ್ದೆ. ಗೋಡೆಯಾಚೆ ಒಬ್ಬ ಓಡಿ ಬಂದ, ನಿಂತ, ಮತ್ತೆ ನಾಲ್ಕು ಹೆಜ್ಜೆ ಇಟ್ಟ. ಅವನನ್ನು ನೋಡದೆಯೇ ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಿತ್ತು. ಮೈ ಜುಂ ಅಂದಿತು.

ಕೇಳಿಸಿದ್ದನ್ನು ಹೇಳುವುದು ಅದರ ಮುಂದಿನ ಹೆಜ್ಜೆ. ಪ್ರತಿ ಮ್ಯಾಪ್‌ನಲ್ಲೂ ಪ್ರತಿ ಮೂಲೆಗೂ ಹೆಸರಿದೆ. ಅಸೆಂಟ್‌ನಲ್ಲಿ ಬಿ ಮೇನ್, ಮಾರ್ಕೆಟ್, ಮಿಡ್, ಟ್ರೀ. ಹೇವನ್‌ನಲ್ಲಿ ಗ್ಯಾರೇಜ್, ಸಿ ಲಾಂಗ್. ಈ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡೆ. ವಿ ಕೀ ಒತ್ತಿ ಹಿಡಿದರೆ ಮಾತು ತಂಡಕ್ಕೆ ಹೋಗುತ್ತದೆ. ‘ಇಲ್ಲಿ ಬಂದ, ಇಲ್ಲಿ ಬಂದ’ ಅಂದರೆ ಯಾರಿಗೂ ಉಪಯೋಗ ಇಲ್ಲ. ಎಷ್ಟು ಜನ, ಎಲ್ಲಿ, ಅಷ್ಟು ಸಾಕು.

ಇಲ್ಲೊಂದು ಕಹಿ ಅನುಭವ ಹೇಳಲೇಬೇಕು. ಅಪರಿಚಿತರ ಜೊತೆ ಆಡಿದ ಒಂದು ರಾತ್ರಿ ಮೊದಲ ಸಲ ಬಾಯಿ ತೆರೆದೆ. ನನ್ನ ದನಿ ಕೇಳಿದ ಕೂಡಲೇ ಒಬ್ಬ ಶುರು ಮಾಡಿದ. ಅಡುಗೆ ಮನೆಗೆ ಹೋಗು ಅಂದ. ಆಮೇಲೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೈ ನಡುಗಿತು. ಮ್ಯಾಚ್ ಮುಗಿಯುವವರೆಗೆ ಹೇಗೋ ಕೂತು ಲ್ಯಾಪ್‌ಟಾಪ್ ಮುಚ್ಚಿದೆ. ಎರಡು ವಾರ ಮಾತಾಡದೇ ಆಡಿದೆ. ಝಡ್ ಒತ್ತಿದರೆ ನೋಡುತ್ತಿರುವ ಜಾಗದಲ್ಲಿ ಗುರುತು ಬೀಳುತ್ತದೆ, ಅದರಲ್ಲೇ ಕಾಲ ತಳ್ಳಿದೆ. ಅಕ್ಕನ ಮಗನಿಗೆ ವಿಷಯ ಗೊತ್ತಾದಾಗ ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು. ‘ಮ್ಯೂಟ್ ಮಾಡು, ರಿಪೋರ್ಟ್ ಮಾಡು, ಆದ್ರೆ ಮಾತು ನಿಲ್ಲಿಸ್ಬೇಡ ಚಿಕ್ಕಿ’ ಅಂದ. ಎಸ್ಕೇಪ್ ಒತ್ತಿದರೆ ಮ್ಯಾಚ್‌ನಲ್ಲಿರುವವರ ಪಟ್ಟಿ ಬರುತ್ತದೆ, ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆಯಾಗಿ ಮುಚ್ಚಬಹುದು. ಈ ಆಟಕ್ಕೆ ಬರುವ ಹೆಣ್ಣುಮಕ್ಕಳು ಗುರಿ ಇಡುವುದಕ್ಕಿಂತ ಮುಂಚೆ ಇದನ್ನು ಕಲಿತುಕೊಳ್ಳಿ. ಒಂದು ಕೆಟ್ಟ ಮಾತು ಬಂದರೂ ಕಾಯಬೇಡಿ, ಆಗಲೇ ಮುಚ್ಚಿ.

ಮತ್ತೆ ಬಾಯಿ ತೆರೆದದ್ದು ಕನ್ನಡದಿಂದ. ನಮ್ಮ ಕಡೆಯವರಿಗೆ ಮ್ಯಾಚ್ ಸಾಮಾನ್ಯವಾಗಿ ಮುಂಬೈ ಸರ್ವರ್‌ನಲ್ಲಿ ಬೀಳುತ್ತದೆ. ಹಿಂದಿ, ಇಂಗ್ಲಿಷ್, ತಮಿಳು, ತೆಲುಗು, ಮಲಯಾಳಂ ಎಲ್ಲಾ ಕೇಳುತ್ತಿರುತ್ತದೆ. ಒಂದು ಸಂಜೆ ಹೇವನ್‌ನಲ್ಲಿ ಒಬ್ಬ ತನ್ನ ಗೆಳೆಯನಿಗೆ, ‘ಗುರು, ಗ್ಯಾರೇಜಲ್ಲಿ ಒಬ್ಬ ಅವ್ನೆ ನೋಡು’ ಅಂದ. ನನಗೆ ತಡೆಯಲಾಗಲಿಲ್ಲ. ವಿ ಒತ್ತಿ, ‘ಗ್ಯಾರೇಜ್ ನಾನು ನೋಡ್ಕೋತೀನಿ, ನೀವು ಸಿಗೆ ಹೋಗಿ’ ಅಂದೆ. ಎರಡು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ, ‘ಅಕ್ಕಾ! ಯಾವೂರು ನಿಮ್ದು?’ ಆ ಮ್ಯಾಚ್ ಮುಗಿಯುವವರೆಗೂ ಇಬ್ಬರೂ ಅಕ್ಕ, ಅಕ್ಕ ಅಂತಲೇ ಮಾತಾಡಿದರು. ಸೋತೆವು. ಆದರೆ ಭಯ ಬಿಟ್ಟಿತು.

ಇಂಟರ್ನೆಟ್ ಬಗ್ಗೆ ಒಂದು ಮಾತು. ವೈಫೈನಲ್ಲಿ ನನ್ನ ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್, 40 ಇದ್ದದ್ದು ಇದ್ದಕ್ಕಿದ್ದಂತೆ 180ಕ್ಕೆ ಹಾರುತ್ತಿತ್ತು. ನಾನು ಗೋಡೆಯ ಹಿಂದೆ ಬಂದು ನಿಂತ ಮೇಲೂ ಸಾಯುತ್ತಿದ್ದೆ. ರೌಟರ್‌ನಿಂದ ಉದ್ದದ ಕೇಬಲ್ ಎಳೆಸಿದ ಮೇಲೆ ಅದು ನಿಂತಿತು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು. ಒಮ್ಮೆ 9–9 ಇರುವಾಗ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉರಿಯುತ್ತಿದೆ, ರೌಟರ್ ಸತ್ತಿದೆ. ನನ್ನ ತಂಡದ ನಾಲ್ವರು ಐವರ ಎದುರು ಆಡಿದರು. ಕರೆಂಟ್ ಬಂದ ಮೇಲೆ ಮತ್ತೆ ಸೇರಿಕೊಳ್ಳಬಹುದು, ನಾನು ಸೇರುವಷ್ಟರಲ್ಲಿ ಮುಗಿದೇ ಹೋಗಿತ್ತು. ಮಾರನೇ ದಿನವೇ ರೌಟರ್‌ಗೆ ಚಿಕ್ಕ ಯುಪಿಎಸ್ ಹಾಕಿಸಿದೆ. ನಾಲ್ಕು ಜನರ ಮುಕ್ಕಾಲು ಗಂಟೆ ನನ್ನಿಂದ ಹಾಳಾಯಿತಲ್ಲ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಕೊನೆಗೆ ಆ ಶನಿವಾರದ ಮ್ಯಾಚ್. ಅಕ್ಕನ ಮಗ, ಅವನ ಮೂವರು ಗೆಳೆಯರು, ನಾನು. ಅಸೆಂಟ್ ಮ್ಯಾಪ್. ನಾವು 12, ಅವರು 10. ನಮ್ಮದು ತಡೆಯುವ ಸರದಿ. ಬಿ ಜಾಗ ಕಾಯಲು ನಾನೊಬ್ಬಳೇ. ಅಕ್ಕನ ಮಗ ಮಿಡ್‌ನಲ್ಲಿ, ಉಳಿದವರು ಎ ಜಾಗದಲ್ಲಿ. ಎ ಕಡೆ ಹೊಗೆ ಬಿತ್ತು, ಗುಂಡಿನ ಸದ್ದು ಜೋರಾಯಿತು. ಎಲ್ಲರೂ ಅಲ್ಲೇ ಬಂದರು ಅಂತ ಹುಡುಗರು ಕೂಗಿಕೊಂಡರು. ಅಷ್ಟರಲ್ಲಿ ನನ್ನ ಎಡಗಿವಿಯಲ್ಲಿ ಹೆಜ್ಜೆ. ದಾರಿಯ ಬಾಯಿಗೆ ಮಂಜಿನ ಹಾಸು ಎಸೆದೆ. ಅದರ ಮೇಲೆ ಕಾಲಿಟ್ಟರೆ ಚಟಚಟ ಅನ್ನುತ್ತದೆ. ಚಟಚಟ ಒಂದರ ಮೇಲೊಂದು ಬಿತ್ತು. ಒಬ್ಬನ ಹೆಜ್ಜೆಯಲ್ಲ ಅದು.

‘ಎರಡು ಜನ, ಬಿ ಮೇನ್.’

ಗೋಡೆ ಎಬ್ಬಿಸಿದೆ. ಅವರು ಅದನ್ನು ಒಡೆಯುವಷ್ಟರಲ್ಲಿ ನಾನು ಮೂಲೆ ಹಿಡಿದು ನಿಂತಿದ್ದೆ. ಮೊದಲು ಬಂದವನ ತಲೆ ನನ್ನ ಕ್ರಾಸ್‌ಹೇರ್ ಒಳಗೇ ಬಂತು. ಒಂದೇ ಗುಂಡು. ಎರಡನೆಯವನಿಗೆ ಮೈ ಮೇಲೆ ಎರಡು ಹೊಡೆದೆ, ಅಷ್ಟರಲ್ಲಿ ಅವನು ನನ್ನನ್ನು ಕೆಡವಿದ.

‘ಒಬ್ಬ ಸತ್ತ, ಇನ್ನೊಬ್ಬನಿಗೆ 80 ಹೊಡೆದಿದೀನಿ’ ಅಂದೆ. ಆಮೇಲೆ ಬಾಯಿ ಮುಚ್ಚಿದೆ. ಇದು ಅಕ್ಕನ ಮಗ ಹೇಳಿಕೊಟ್ಟದ್ದು. ಸತ್ತ ಮೇಲೆ ಗೊತ್ತಿದ್ದದ್ದನ್ನು ಒಂದೇ ಸಲ ಹೇಳಬೇಕು, ಮತ್ತೆ ಸುಮ್ಮನಿರಬೇಕು. ಉಳಿದವನಿಗೆ ಹೆಜ್ಜೆ ಕೇಳಿಸಬೇಕಲ್ಲ.

ಎ ಜಾಗದಲ್ಲಿ ನಮ್ಮ ಮೂವರು, ಅವರ ಮೂವರು ಸತ್ತರು. ಬಿನಲ್ಲಿ ಸ್ಪೈಕ್ ನೆಟ್ಟ ಸದ್ದು ಬಂತು. ಉಳಿದವರು ಇಬ್ಬರೇ, ಅಕ್ಕನ ಮಗ ಮತ್ತು 80 ಪೆಟ್ಟು ತಿಂದ ಆ ಒಬ್ಬ. ಸತ್ತ ನಾವು ನಾಲ್ವರೂ ಅಕ್ಕನ ಮಗನ ಕಣ್ಣಿನಿಂದಲೇ ನೋಡುತ್ತಿದ್ದೆವು. ಯಾರೂ ಉಸಿರೆತ್ತಲಿಲ್ಲ. ಹೊರಗೆ ಶೀಟಿನ ಮೇಲೆ ಮಳೆ ಬೀಳುತ್ತಿತ್ತು. ಅವನು ಮಾರ್ಕೆಟ್ ಕಡೆಯಿಂದ ಶಿಫ್ಟ್ ಒತ್ತಿಕೊಂಡು ಬಂದ. ಸ್ಪೈಕ್ ಬಿಚ್ಚಲು ಶುರು ಮಾಡಿ ಕೂಡಲೇ ಬಿಟ್ಟ. ಆ ಸದ್ದಿಗೆ ಎದುರಾಳಿ ಓಡಿ ಬಂದ. ನಾಲ್ಕು ಹೆಜ್ಜೆ, ಬಲಗಡೆಯಿಂದ. ಅಕ್ಕನ ಮಗ ಅತ್ತ ತಿರುಗಿ, ನಿಂತು, ಹೊಡೆದ. ಆಮೇಲೆ ಕೂತು ಬಿಚ್ಚತೊಡಗಿದ. ನಾನು ಮನಸ್ಸಿನಲ್ಲೇ ಒಂದರಿಂದ ಏಳರವರೆಗೆ ಎಣಿಸಿದೆ.

ಗೆದ್ದೆವು. 13–10. ನಾಲ್ವರು ಹುಡುಗರೂ ಒಟ್ಟಿಗೆ ಕೂಗಿದ ಸದ್ದಿಗೆ ಹೆಡ್‌ಫೋನ್ ತೆಗೆಯಬೇಕಾಯಿತು. ಮತ್ತೆ ಕಿವಿಗೆ ಹಾಕಿಕೊಂಡಾಗ ಗೆಳೆಯರು ಊಟಕ್ಕೆ ಅಂತ ಒಬ್ಬೊಬ್ಬರಾಗಿ ಹೊರಟಿದ್ದರು. ಅವನೊಬ್ಬ ಉಳಿದಿದ್ದ.

‘ಚಿಕ್ಕಿ, ನಿಂದು ಊಟ ಆಯ್ತಾ?’ ಅಂದ. ‘ಇಲ್ವೋ, ಅನ್ನ ಆಗಿದೆ, ಸಾರಿಗೆ ಇಡಬೇಕು’ ಅಂದೆ. ‘ಸರಿ, ನೀನು ಸಾರು ಮಾಡ್ತಾ ಇರು, ನಾನು ಫೋನ್ ಮಾಡ್ತೀನಿ’ ಅಂದ. ನಾನು ಲ್ಯಾಪ್‌ಟಾಪ್ ಮುಚ್ಚಿ ಅಡುಗೆ ಮನೆಗೆ ಹೋಗಿ ಬೇಳೆ ತೊಳೆಯುವಷ್ಟರಲ್ಲಿ ಫೋನ್ ಬಂತು.